ಗೌಂಡಿಯ ಬಲಗೈ

ನನ್ನ ಗುರುವಿನ ಬಲಗೈಯ ಮೂರು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ತುತ್ತು ಹಿಡಿಯಲೂ ಬಿಚ್ಚುತ್ತಿರಲಿಲ್ಲ. ಆ ಬೆರಳು ಮುರಿದವನು ನಾನು.

ಅವರು ಹಳೆಯ ಕಾಲದ ಗೌಂಡಿ. ಬೆಳಗಾವಿ ಕ್ಯಾಂಪಿನಲ್ಲಿ ಬ್ರಿಟಿಷರು ಕಟ್ಟಿಸಿದ ಬಂಗಲೆಗಳ ಗೋಡೆ ದುರಸ್ತಿಗೆ ಅವರನ್ನೇ ಕರೆಯುತ್ತಿದ್ದರು. ಖಾನಾಪುರದ ಭಟ್ಟಿಯಿಂದ ಇಟ್ಟಿಗೆ ಬಂದರೆ ನಾಲಿಗೆ ಹಚ್ಚಿ ನೋಡುವರು. ನಾಲಿಗೆಗೆ ಅಂಟಿದರೆ ಅದಕ್ಕಿನ್ನೂ ನೀರು ಬೇಕು ಎಂದರ್ಥ. ಮರೆತು ಒಣ ಇಟ್ಟಿಗೆ ಇಟ್ಟರೆ ಗಾರೆ ಮೆತ್ತುವ ಥಾಪಿಯ ಹಿಡಿಯಿಂದ ಬೆನ್ನಿಗೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಅವರ ಕೈಕೆಳಗೆ ದುಡಿದೆ. ತಲೆ ನರೆತ ಮೇಲೂ ಏಟು ತಪ್ಪಲಿಲ್ಲ.

ಒಂದು ಸಲ ಅವರು ಮಗಳನ್ನು ನೋಡಲು ಕಣಕುಂಬಿಗೆ ಹೋಗಿದ್ದರು. ಮಳೆ ಹತ್ತಿರವಿತ್ತು, ಸುಣ್ಣದ ಗಾರೆ ಬೇಗ ಗಟ್ಟಿಯಾಗುವುದಿಲ್ಲ. ಬಂಗಲೆಯ ಹಿಂದಿನ ಗೋಡೆಯ ಸಂದುಗಳಿಗೆಲ್ಲ ನಾನು ಸಿಮೆಂಟು ತುಂಬಿಬಿಟ್ಟೆ. ಬಂದವರೇ ಥಾಪಿಯಿಂದ ಗೀರಿ ನೋಡಿದರು.

“ಯಾರ ಮಾಡಿದ್ದು ಇದನ್ನ?”

“ನಾನ ರೀ ಕಾಕಾ. ಮಳಿ ಬರತೈತಂತ…”

“ಒಳಗಿನ ಹಸಿ ಹೆಂಗ ಹೊರಗ ಬರಬೇಕಲೇ? ಇಟ್ಟಂಗಿ ಮಾರಿ ಒಡದು ಉದರತೈತಿ. ಉಸರ ಕಟ್ಟಿ ಕೊಂದಿ ಗ್ವಾಡಿನ.” ಆಳುಗಳ ಕಡೆ ತಿರುಗಿದರು. “ಇವನ ಕೈಯಾಗಿನ ಥಾಪಿ ಕಸಗೊಂಡು ಲಟ್ಟಣಿಗಿ ಕೊಡ್ರಿ. ಚಪಾತಿನರ ಲಟ್ಟಸ್ಲಿ.”

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಕಪಾಳಕ್ಕೆ ಬಿತ್ತು. ಬಾಯಲ್ಲಿ ರಕ್ತದ ಉಪ್ಪು.

ಅವರ ಬಲಗೈ ಕಿಟಕಿಯ ಕೆಳಗಿನ ಕಲ್ಲಿನ ಮೇಲಿತ್ತು. ಥಾಪಿ ಬಿಟ್ಟು ಪಕ್ಕದಲ್ಲಿದ್ದ ಕಲ್ಲೊಡೆಯುವ ಸುತ್ತಿಗೆ ಎತ್ತಿಕೊಂಡೆ. ಬೀಸಿದೆ. ಒಣ ಕಡ್ಡಿ ಮುರಿದಂಥ ಸದ್ದು. ಸುಣ್ಣದ ಪುಡಿಯ ಮೇಲೆ ರಕ್ತ ಸುರಿಯಿತು. ಮತ್ತೆ ಎತ್ತಿದ್ದು ಅವರ ತಲೆಗೆ, ಆಳುಗಳು ಹಿಡಿದುಕೊಂಡರು.

ನೆಹರು ನಗರದ ಆಸ್ಪತ್ರೆಗೆ ಒಯ್ದವನೂ ನಾನೇ. ಡಾಕ್ಟರು ಕೇಳಿದಾಗ ಅವರು, “ಕಲ್ಲ ಬಿತ್ರಿ” ಎಂದರು. ಹೊರಗೆ ಬಂದು ಎಡಗೈಯಿಂದ ನನ್ನ ಅಂಗಿ ಹಿಡಿದರು.

“ಮಾಫ ಮಾಡೇನಂತ ತಿಳಕೋಬ್ಯಾಡ. ನೀ ಜೇಲಿಗೆ ಹೋದ್ರ ಆ ಸಿಮೆಂಟ್ ಯಾರ ತಗೀತಾರ?”

ಆಳುಗಳ ಬಾಯಿಯನ್ನೂ ಅವರೇ ಮುಚ್ಚಿಸಿದರು. ಒಂದು ತಿಂಗಳು ಉಳಿ ಹಿಡಿದು ಸಂದು ಸಂದನ್ನೂ ಕೆತ್ತಿದೆ. ಅವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನೋಡುವರು. ಇಟ್ಟಿಗೆಯ ಅಂಚಿಗೆ ಉಳಿ ತಾಗಿದರೆ ಎಡಗೈಯಿಂದ ಕಲ್ಲು ಬೀಸುವರು, ಗುರಿ ತಪ್ಪುತ್ತಿರಲಿಲ್ಲ. ಆ ಗೋಡೆ ಉಳಿಯಿತು. ಅವರು ಮತ್ತೆ ಥಾಪಿ ಹಿಡಿಯಲಿಲ್ಲ.

ಕಳೆದ ವರ್ಷ ತೀರಿಕೊಂಡರು. ಶವವನ್ನು ಕೂಡಿಸಿ ವಿಭೂತಿ ಹಚ್ಚುವಾಗಲೂ ಆ ಬೆರಳು ಮಡಚಿಯೇ ಇದ್ದವು. ಮಗಳು ಬಂದವರಿಗೆಲ್ಲ ನನ್ನನ್ನು ತೋರಿಸಿ, “ಅಪ್ಪನ ಕೈ ಮ್ಯಾಲೆ ಕಲ್ಲ ಬಿದ್ದಾಗ ಎತಗೊಂಡು ದವಾಖಾನಿಗೆ ಓಡಿದ್ದು ಇವರ” ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ತಂಗೀ, ಕಲ್ಲು ಬಿದ್ದಿರಲಿಲ್ಲ.