ಹಿಮಾಲಯದ ಗಿಡಕ್ಕೆ ಅಕ್ಕಿ ತೊಳೆದ ನೀರು

ಹಿಮನದಿ ಕರಗಿ ಹಿಂದೆ ಸರಿದ ಮೇಲೆ ಉಳಿಯೋ ಬರಡು ನೆಲದಲ್ಲಿ ಹುಟ್ಟೋ ಗಿಡಗಳಲ್ಲಿ ಸತ್ವ ಎಷ್ಟಿದೆ ಅಂತ ನಮ್ಮ ಲ್ಯಾಬಿನ ಮೇಡಂ ಅಳೀತಾರೆ. ಅವರ ಸಾಮಾನು ಹೊರೋನು ನಾನು. ಹಿಮಾಲಯದಿಂದ ತಂದ ಒಂದು ಕುಂಡವನ್ನ ಲ್ಯಾಬಿಗೆ ಒಯ್ಯೋ ಮುಂಚೆ, ರಾಜಾಜಿನಗರದ ನಮ್ಮನೆ ಓನರ್ ಆಂಟಿಯ ತುಳಸಿ ಪಕ್ಕ ಇಟ್ಟು ಸ್ನಾನಕ್ಕೆ ಹೋದೆ. ಬರೋಷ್ಟರಲ್ಲಿ ಆಂಟಿ ಅದಕ್ಕೂ ಅಕ್ಕಿ ತೊಳೆದ ನೀರು ಹುಯ್ದಿದ್ರು.

“ಅಯ್ಯೋ ಆಂಟಿ, ಇನ್ನು ಅಳೆದ್ರೆ ನಿಮ್ಮ ಅಕ್ಕಿ ಸತ್ವಾನೇ ಬರುತ್ತೆ! ನನ್ನ ಕೆಲಸ ಹೋಯ್ತು.”

“ಹೋಗ್ಲಿ ಬಿಡೋ. ನಿನ್ ಥರಾನೇ ಊಟ ಕಾಣದ ಮುಖ ಅದರದ್ದು, ನೋಡೋಕಾಗ್ಲಿಲ್ಲ.”

ಹೆದರ್ಕೊಂಡೇ ಮೇಡಂಗೆ ಫೋನ್ ಮಾಡ್ದೆ. ಅವರು ನಡೆದಿದ್ದೆಲ್ಲ ಕೇಳಿ, “ಗಿಡ ಆಂಟಿಗೇ ಕೊಟ್ಬಿಡು” ಅಂದ್ರು.

ಮೇಡಂ ಈಗಲೂ ನನ್ನ ಹಿಮಾಲಯಕ್ಕೆ ಜೊತೆಗೆ ಕರ್ಕೊಂಡು ಹೋಗ್ತಾರೆ. ವಾಪಸ್ ಬರುವಾಗ ಮಾತ್ರ ಹೊಸ ಗಿಡದ ಕುಂಡ ನನ್ನ ಕೈಗೆ ಕೊಡದೆ ಅವರ ತೊಡೆ ಮೇಲೇ ಇರುತ್ತೆ.