ಒಣಗಿದ ಗಿಜಿಗಿಜಿ ಗಿಡದ ಮೇಲೆ

ಬೆಂಕಿಕಡ್ಡಿ ಗೀರಲು ಬಗ್ಗಿದ ನಮ್ಮತ್ತೆ ಹಾಗೇ ನಿಂತುಬಿಟ್ಟರು. ಹಿಂದಿನ ದಿನ ನಾನು ಕಡಿದು ಅಂಗಳದಲ್ಲಿ ಒಟ್ಟಿದ್ದ ಗಿಜಿಗಿಜಿ ಗಿಡಗಳ ಮೇಲೆ ನೂರಾರು ಚಿಟ್ಟೆಗಳು ಕೂತಿದ್ದವು. ಕಪ್ಪು ರೆಕ್ಕೆ, ಅದರ ತುಂಬ ತಿಳಿನೀಲಿ ಚುಕ್ಕೆ. ಕೆಳಗಿದ್ದ ಒಣಕಡ್ಡಿಗಳೇ ಕಾಣುತ್ತಿರಲಿಲ್ಲ.

ಅದು ತೊಂಬತ್ತೆಂಟರ ಅಕ್ಟೋಬರ್. ದೇವರಮನೆ ಬೆಟ್ಟದ ದಾರಿಯಲ್ಲಿ ಬೀಜ ಆಯ್ದು ತಂದು, ಆಲ್ದೂರಿನ ನಮ್ಮ ಮನೆಯೆದುರು ನಾನೇ ಬೆಳೆಸಿದ್ದ ಗಿಡಗಳವು. ಹಳದಿ ಹೂ ಮುಗಿದು, ಅಲ್ಲಾಡಿಸಿದರೆ ಗಿಜಿಗಿಜಿ ಎನ್ನುವಷ್ಟು ಕಾಯಿ ಒಣಗಿತ್ತು. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಂಗಳ ಚೊಕ್ಕಟವಾಗಿರಲಿ ಎಂದು ಅತ್ತೆ ಹೇಳಿದ್ದಕ್ಕೆ ಬೇಸರದಲ್ಲೇ ಕಡಿದಿದ್ದೆ.

ಹತ್ತಿರ ಹೋದರೂ ಒಂದೂ ಹಾರಲಿಲ್ಲ. ಕಡಿದ ದಂಟನ್ನೇ ಮೈಮರೆತು ಹೀರುತ್ತಿದ್ದವು. ಅಷ್ಟರಲ್ಲಿ ಗೇಟಿನ ಹತ್ತಿರ ಜೀಪಿನ ಸದ್ದು.

"ಅತ್ತೆ, ಅವ್ರು ಬಂದ್ರು!" ಎಂದೆ.

ಅತ್ತೆ ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಜೀಪು ಅಲ್ಲೇ ನಿಲ್ಸೋಕೆ ಹೇಳು ಮಾರಾಯ್ತಿ. ನೆಂಟ್ರು ಹಿಂದಿನ ಬಾಗ್ಲಿಂದ ಬರ್ಲಿ."

ಬಂದವರೂ ಹೆಣ್ಣು ನೋಡುವುದನ್ನು ಮರೆತು, ಜಗಲಿಯಲ್ಲಿ ಚಿಟ್ಟೆಗಳನ್ನೇ ನೋಡುತ್ತ ನಿಂತರು.

ಮೂರನೆಯ ದಿನ ಒಂದು ಚಿಟ್ಟೆಯೂ ಇರಲಿಲ್ಲ. ಮುಂದಿನ ವರ್ಷ ಮೊದಲ ಮಳೆ ಬಿದ್ದಾಗ, ನನ್ನನ್ನೊಂದು ಮಾತೂ ಕೇಳದೆ, ಅಂಗಳದ ಉದ್ದಕ್ಕೂ ಗಿಜಿಗಿಜಿ ಬೀಜ ಬಿತ್ತಿದವರು ಅತ್ತೆ.