ಫ್ರಾನ್ಸಿನ ಅರಮನೆಯೂ ನಮ್ಮ ಗೌರಕ್ಕನೂ

ಹಣೆತುಂಬ ವಿಭೂತಿ ಹಚ್ಚಿಕೊಂಡು, ರಕ್ತ ಹೀರುವವರ ಕಾದಂಬರಿ ಹಿಡಿದು ಕೂರುವ ಹೆಂಗಸು ಹೊಸಪೇಟೆಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಚಟ! ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ಓಡುತ್ತಿದ್ದ ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಫ್ರಾನ್ಸಿನ ರಾಜಮನೆತನದ ಕಥೆ. ಅದರಲ್ಲೊಬ್ಬ ಚೆಲುವ ರಾಜಕುಮಾರ. ಎಷ್ಟೋ ತಲೆಮಾರಿನಿಂದ ಮುಪ್ಪಿಲ್ಲದೆ, ರಾಣಿಯರ ಕೊರಳಿಗೆ ಬಾಯಿಟ್ಟೇ ಬದುಕಿದವನು.

ಆಗ ನನ್ನ ಅಕ್ಕ ಗೌರಕ್ಕ ಸಂಡೂರಿನ ಹತ್ತಿರದ ಯಶವಂತನಗರದಿಂದ ನಮ್ಮ ಮನೆಗೆ ಬಂದಿದ್ದಳು. ಲಾರಿ ರಸ್ತೆಗೆ ಅಂಟಿಕೊಂಡ ಮನೆ ಅವಳದು. ಕೆಂಪು ದೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು. ಮತ್ತೆ ಆ ದೂಳಿಗೆ ಹೋದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಹಿಡಿದಿಡಲು ನನ್ನ ಬಳಿ ಇದ್ದದ್ದು ಆ ಕಾದಂಬರಿಯೊಂದೇ. ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ಹೇಳಿ, ರಾಜಕುಮಾರ ಕಿಟಕಿ ಹತ್ತುವ ಹೊತ್ತಿಗೆ ಪುಸ್ತಕ ಮುಚ್ಚುತ್ತಿದ್ದೆ. ಕೆಮ್ಮುತ್ತಲೇ ಬೈಯುತ್ತಿದ್ದಳು.

"ಅಷ್ಟ್ ದೊಡ್ಡ ಅರಮನ್ಯಾಗ ಒಬ್ರಿಗೂ ಗೊತ್ತಾಗ್ಲಿಲ್ಲೇನ, ಅವಾ ಎಂಥಾವ ಅಂತ?"

"ಗೊತ್ತಿತ್ತಕ್ಕ. ಮುತ್ತಿನ ಹಾರ ಕೊಡ್ತಿದ್ನಲ್ಲ, ಸುಮ್ನಿದ್ರು."

"ಹಂಗಾರ ನಮ್ಮೂರ ಮಂದಿನಽ ಬಿಡು," ಎಂದು ನಕ್ಕಳು. ಗಣಿಯ ದುಡ್ಡು ಬಂದ ಮೇಲೆ ಅವಳ ಗಂಡನೂ ಹೊಸ ಮೋಟಾರ್ ಸೈಕಲ್ ಏರಿ ಮೆರೆದವನೇ.

ಕಥೆ ಅರ್ಧಕ್ಕೆ ಬಂದಾಗ ಅವಳಿಗೆ ಅಂಗಳದ ಚಿಂತೆ ಹತ್ತಿತು. ನಮ್ಮಲ್ಲಿ ನೀರು ಚಿಮುಕಿಸದೆ, ರಂಗೋಲಿ ಹಾಕದೆ ಬಿಡುವುದು ಸಾವಾದ ಮನೆಯ ಮುಂದೆ ಮಾತ್ರ.

"ಗಂಡಾ ಇರೋ ಮನಿ, ಅಂಗಳಾ ಬರೇ ಬಿಟ್ಟು ಇಲ್ಲಿ ಕುಂತೀನಲ್ಲ!"

"ನಾಕು ಲಾರಿ ಹೋದ್ರ ನಿನ್ನ ರಂಗೋಲಿ ಕೆಂಪಾಗತೈತಿ. ಹೋಗಬ್ಯಾಡಕ್ಕ."

"ಕೆಂಪಾದ್ರ ಮತ್ತ ಹಾಕ್ತೀನಿ. ಕಥಿ ಮುಂದಿಂದು ಬಂದಾಗ ಹೇಳೀಯಂತ."

ಬೈದೆ, ಅತ್ತೆ, ಕಾಲಿಗೆ ಬೀಳುವುದೊಂದು ಬಾಕಿ. ಸಂಡೂರಿನ ಬಸ್ಸು ಹತ್ತಿಯೇಬಿಟ್ಟಳು. ದೀಪಾವಳಿಗೆ ಮುಂಚೆಯೇ ತೀರಿಕೊಂಡಳು. ಅಂದು ಆ ಅಂಗಳಕ್ಕೆ ಯಾರೂ ನೀರು ಹಾಕಲಿಲ್ಲ.

ಬಹಳ ದಿನ ಆ ಪುಸ್ತಕ ಮುಟ್ಟಲಾಗಲಿಲ್ಲ. ಕೊನೆಗೊಂದು ಮಧ್ಯಾಹ್ನ ಒಬ್ಬಳೇ ಕೂತು ಓದಿ ಮುಗಿಸಿದೆ. ಯಾರೋ ದಾಸಿ ಪರದೆ ಸರಿಸುತ್ತಾಳೆ, ಬೆಳಗಿನ ಬಿಸಿಲು ಮೈಮೇಲೆ ಬೀಳುತ್ತಲೇ ರಾಜಕುಮಾರ ಬೂದಿಯಾಗುತ್ತಾನೆ. ಅವನು ಕೊರಳಿಗೆ ಬಾಯಿಡಲಿದ್ದ ಕಿರಿಯ ರಾಣಿ ಬದುಕಿಕೊಳ್ಳುತ್ತಾಳೆ. ಆ ಚಳಿ ದೇಶದ ಬೊಗಸೆ ಬಿಸಿಲಿಗೆ ಅಷ್ಟು ಶಕ್ತಿಯಂತೆ! ನಮ್ಮ ಬಳ್ಳಾರಿ ಸೀಮೆಯಲ್ಲಿ ಬಿಸಿಲಿಗೇನು ಬರವೇ? ವರ್ಷವೆಲ್ಲ ತಲೆ ಸಿಡಿಯುವಷ್ಟು ಸುರಿಯುತ್ತದೆ. ಅದೇ ಬಿಸಿಲಲ್ಲಿ, ಎಲ್ಲರ ಕಣ್ಣೆದುರೇ, ಗಣಿಯವರು ಅಕ್ಕನನ್ನು ಕುಡಿದು ಮುಗಿಸಿದರು.